ಬೊಮ್ಮಾಯಿ ತೀರ್ಪು: ಒಂದು ಪುನರವಲೋಕನ

ಪ್ರಸಿದ್ಧವಾದ ಗ್ರಂಥಗಳಿಗೆ ಒದಗುವ ಒಂದು ಅಪಾಯವುಂಟು. ಅವುಗಳಿಂದ ಆಯ್ದ ಒಂದೆರಡು ಮಾತುಗಳು ಜನರ ನಾಲಗೆಯಲ್ಲಿ ನೆಲೆಗೊಳ್ಳುತ್ತವೆ. ಮೂಲವನ್ನು ಆಮೂಲಾಗ್ರವಾಗಿ ಓದುವ ಅಗತ್ಯವಿಲ್ಲವೆಂಬ ಭಾವನೆ ಅದರೊಡನೆಯೇ ಬೆಳೆಯುತ್ತದೆ. ಎಸ್. ಆರ್. ಬೊಮ್ಮಾಯಿ ಹಾಗೂ ಭಾರತ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು ನೀಡಿದ ತೀರ್ಪಿಗೂ ಇದೇ ಗತಿ ಒದಗಿದೆ. ‘ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕು’ ಎಂಬ ಒಂದು ಸೂತ್ರಕ್ಕೆ ಈ ತೀರ್ಪನ್ನು ಇಳಿಸಿ, ಆಳುವವರೂ ಎದುರಾಳಿಗಳೂ ತಮತಮಗೆ ಅನುಕೂಲವಾದಾಗ ಅದನ್ನು ಉದ್ಧರಿಸುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ ಹುಟ್ಟಿ ದೇಶದ ರಾಜ್ಯಾಂಗ ಶಾಸ್ತ್ರದ ಆಧಾರವಾಕ್ಯವಾಗಿ ನಿಂತ ಈ ತೀರ್ಪು ನಿಜವಾಗಿ ಏನನ್ನು ಹೇಳಿತು, ಎಲ್ಲಿ ಸೋತಿತು, ಅದರ ಹೆಸರಿನಲ್ಲಿ ಮುಂದೆ ನಡೆದುದು ಅದರ ಆಶಯಕ್ಕೆ ಅನುಗುಣವಾಗಿದೆಯೇ ಎಂಬುದನ್ನು ವಿಚಾರಿಸುವುದು ಉಚಿತ.

ವಿವಾದದ ಮೂಲ ಸಂವಿಧಾನದ 356ನೆಯ ಅನುಚ್ಛೇದದಲ್ಲಿದೆ. ರಾಜ್ಯವೊಂದರ ಆಡಳಿತವನ್ನು ಸಂವಿಧಾನದ ವಿಧಿಗಳಿಗೆ ಅನುಸಾರವಾಗಿ ನಡೆಸುವುದು ಸಾಧ್ಯವಿಲ್ಲದಂಥ ಪರಿಸ್ಥಿತಿ ಉಂಟಾಗಿದೆಯೆಂದು, ರಾಜ್ಯಪಾಲರ ವರದಿಯಿಂದಾಗಲಿ ಅನ್ಯಥಾ ಆಗಲಿ, ರಾಷ್ಟ್ರಪತಿಗೆ ಮನವರಿಕೆಯಾದರೆ ಅವರು ಘೋಷಣೆ ಹೊರಡಿಸಿ ಆ ರಾಜ್ಯದ ಆಡಳಿತವನ್ನು ವಹಿಸಿಕೊಳ್ಳಬಹುದು. 1935ರ ಭಾರತ ಸರ್ಕಾರದ ಕಾಯಿದೆಯ 93ನೆಯ ಪ್ರಕರಣದ ಛಾಯೆ ಇದರ ಮೇಲೆ ಸ್ಪಷ್ಟವಾಗಿ ಬಿದ್ದಿದೆ. ಪರಕೀಯ ಪ್ರಭುತ್ವವು ತನ್ನ ಪ್ರಾಂತ್ಯಗಳ ಮೇಲೆ ಇರಿಸಿಕೊಂಡಿದ್ದ ಹಿಡಿತವನ್ನು ಸ್ವತಂತ್ರ ಗಣರಾಜ್ಯ ಏಕೆ ಉಳಿಸಿಕೊಳ್ಳಬೇಕೆಂಬ ಆಕ್ಷೇಪಣೆ ಸಂವಿಧಾನ ಸಭೆಯಲ್ಲಿಯೇ ಎದ್ದಿತ್ತು. 1949ರ ಆಗಸ್ಟ್ 4ರಂದು ಡಾ. ಅಂಬೇಡ್ಕರ್ ಅವರು ಉತ್ತರವಿತ್ತು, ಈ ವಿಧಿಯ ದುರುಪಯೋಗದ ಸಂಭವವನ್ನು ತಾವು ಅಲ್ಲಗಳೆಯುವುದಿಲ್ಲವೆಂದೂ, ಅದು ಎಂದಿಗೂ ಬಳಕೆಗೆ ಬಾರದೆ ನಿರ್ಜೀವ ಅಕ್ಷರವಾಗಿಯೇ ಉಳಿಯಲೆಂಬುದು ತಮ್ಮ ಆಶಯವೆಂದೂ ತಿಳಿಸಿದರು.

ಆ ಆಶಯ ಬಹುಕಾಲ ಬಾಳಲಿಲ್ಲ. 1951ರಲ್ಲಿ ಪಂಜಾಬಿನಲ್ಲಿ ಈ ವಿಧಿ ಮೊದಲಬಾರಿಗೆ ಬಳಕೆಗೆ ಬಂತು. 1959ರಲ್ಲಿ ಕೇರಳದಲ್ಲಿ ವಿಧಾನಸಭೆಯ ಬಹುಮತವಿದ್ದ ನಂಬೂದಿರಿಪಾಡ್ ಸಂಪುಟವನ್ನು ಪದಚ್ಯುತಗೊಳಿಸಲಾಯಿತು. 1977ರಲ್ಲಿ ಕೇಂದ್ರದಲ್ಲಿ ಅಧಿಕಾರಕ್ಕೆ ಬಂದ ಜನತಾ ಪಕ್ಷ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ತೆಗೆಯಿತು. 1980ರಲ್ಲಿ ಮರಳಿ ಬಂದ ಕಾಂಗ್ರೆಸ್ ಅಷ್ಟೇ ಸಂಖ್ಯೆಯ ರಾಜ್ಯಗಳಲ್ಲಿ ಅದಕ್ಕೆ ಪ್ರತ್ಯುತ್ತರವಿತ್ತಿತು. ಕರ್ನಾಟಕದಲ್ಲಿಯೂ 1977ರ ಡಿಸೆಂಬರ್ 31ರಂದು ದೇವರಾಜ ಅರಸು ಅವರ ಸರ್ಕಾರ ಇದೇ ವಿಧಿಗೆ ಬಲಿಯಾಯಿತು. 1978ರ ಚುನಾವಣೆಯಲ್ಲಿ ಜನರು ಅವರನ್ನೇ ಮತ್ತೆ ಆರಿಸಿದರು. ಈ ವಿಧಿಯನ್ನು ವಿರೋಧದಲ್ಲಿದ್ದಾಗ ಖಂಡಿಸಿ ಅಧಿಕಾರದಲ್ಲಿದ್ದಾಗ ಬಳಸುವ ವಿಷಯದಲ್ಲಿ ಪಕ್ಷಗಳ ನುಡಿಗೂ ನಡೆಗೂ ಎಂದೂ ಹೊಂದಿಕೆಯಾಗಲಿಲ್ಲವೆಂಬುದಕ್ಕೆ ಇಷ್ಟು ನಿದರ್ಶನಗಳು ಸಾಕು.

ಇಷ್ಟು ಕಾಲವೂ ನ್ಯಾಯಾಲಯವು ದೂರವೇ ನಿಂತಿತ್ತು. 1975ರ 38ನೆಯ ತಿದ್ದುಪಡಿಯು ರಾಷ್ಟ್ರಪತಿಯ ಮನವರಿಕೆಯೇ ಅಂತಿಮ, ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ವಿಧಿಸಿತ್ತು. 1977ರ ರಾಜಸ್ಥಾನ ಮೊಕದ್ದಮೆಯಲ್ಲಿ ಏಳು ನ್ಯಾಯಾಧೀಶರ ಪೀಠ ರಾಜ್ಯಗಳ ದಾವೆಗಳನ್ನು ವಜಾ ಮಾಡಿತಾದರೂ, ಮನವರಿಕೆಯು ದುರುದ್ದೇಶದಿಂದ ಅಥವಾ ಸಂಪೂರ್ಣ ಅಪ್ರಸ್ತುತ ಕಾರಣಗಳಿಂದ ಕೂಡಿದ್ದರೆ ನ್ಯಾಯಾಲಯ ಅದನ್ನು ನೋಡಬಹುದೆಂದು ಬಾಗಿಲನ್ನು ಸ್ವಲ್ಪ ತೆರೆದಿಟ್ಟಿತು. 1978ರ 44ನೆಯ ತಿದ್ದುಪಡಿಯು ಆ ನಿರ್ಬಂಧವನ್ನೇ ತೆಗೆದುಹಾಕಿತು. 1988ರಲ್ಲಿ ವರದಿ ಸಲ್ಲಿಸಿದ ಸರ್ಕಾರಿಯಾ ಆಯೋಗವು, ಈ ಅಧಿಕಾರವನ್ನು ಬೇರಾವ ದಾರಿಯೂ ಇಲ್ಲದಿದ್ದಾಗ ಕಟ್ಟಕಡೆಯ ಉಪಾಯವಾಗಿ ಮಾತ್ರ ಬಳಸಬೇಕೆಂದೂ, ಸಂಪುಟಕ್ಕೆ ಬಹುಮತವಿದೆಯೇ ಎಂಬುದನ್ನು ಸದನದಲ್ಲಿ ನಿರ್ಣಯಿಸಬೇಕೆಂದೂ ಸಲಹೆಯಿತ್ತಿತು. ಬೊಮ್ಮಾಯಿ ಪ್ರಕರಣ ಹುಟ್ಟಿದ್ದು ಇದರ ಮರುವರ್ಷವೇ.

1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದ ಬೊಮ್ಮಾಯಿಯವರು 1989ರ ಏಪ್ರಿಲ್ 15ರಂದು ಹದಿಮೂರು ಮಂದಿಯನ್ನು ಸೇರಿಸಿಕೊಂಡು ಸಂಪುಟವನ್ನು ವಿಸ್ತರಿಸಿದರು. ಎರಡೇ ದಿನಗಳಲ್ಲಿ ಆಳುವ ಜನತಾ ದಳದ ಶಾಸಕರೊಬ್ಬರು ಪಕ್ಷ ತೊರೆದು, ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ಹೇಳುವ ಹತ್ತೊಂಬತ್ತು ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ರಾಜ್ಯಪಾಲರು ಏಪ್ರಿಲ್ 19ರಂದು ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಮರುದಿನ ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆಯಿತ್ತು ಪಡೆಯಲಾಗಿದೆಯೆಂದೂ ತಮ್ಮ ಬೆಂಬಲ ಸರ್ಕಾರಕ್ಕೇ ಇದೆಯೆಂದೂ ಬರೆದುಕೊಟ್ಟರು. ಅದೇ ದಿನ ಸಂಪುಟ ಸಭೆ ಸೇರಿ ಏಪ್ರಿಲ್ 27ರಂದು ವಿಧಾನಸಭೆಯನ್ನು ಕರೆಯಲು ನಿರ್ಧರಿಸಿತು. ಬೇಕಾದರೆ ಇನ್ನೂ ಮುಂಚೆಯೇ ಬಹುಮತವನ್ನು ತೋರಿಸಲು ಸಿದ್ಧವೆಂದು ಮುಖ್ಯಮಂತ್ರಿಗಳು ತಿಳಿಸಿದರು. ರಾಜ್ಯಪಾಲರಾದರೋ, ಶಾಸಕರನ್ನು ಸೆಳೆಯುವ ವ್ಯಾಪಾರ ನಡೆದಿದೆಯೆಂದು ಎರಡನೆಯ ವರದಿ ಬರೆದರು. ಏಪ್ರಿಲ್ 21ರಂದು ರಾಷ್ಟ್ರಪತಿಯ ಘೋಷಣೆ ಹೊರಟಿತು. ಸರ್ಕಾರ ಹೋಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಸದನ ಸೇರಬೇಕಾಗಿದ್ದುದು ಇನ್ನಾರು ದಿನಗಳಲ್ಲಿ.

ಬೊಮ್ಮಾಯಿಯವರ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯದ ವಿಶೇಷ ಪೀಠ ವಜಾ ಮಾಡಿತು. ಸದನದಲ್ಲಿ ಬಲಪರೀಕ್ಷೆ ನಡೆಸುವುದು ಕಡ್ಡಾಯವಲ್ಲವೆಂಬುದು ಅದರ ಅಭಿಪ್ರಾಯವಾಗಿತ್ತು. ಮೇಲ್ಮನವಿಯು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿ, ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ವಿವಾದಗಳೊಡನೆ ಸೇರಿ ವಿಚಾರಣೆಗೆ ಬಂತು.

ಈ ತೀರ್ಪನ್ನು ಓದಹೊರಟ ವಾಚಕನಿಗೆ ಮೊದಲು ಎದುರಾಗುವ ತೊಡಕು ಅದರ ರಚನೆಯದು. ಒಂಬತ್ತು ಮಂದಿ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಆರು ಪ್ರತ್ಯೇಕ ಅಭಿಪ್ರಾಯಗಳಿವೆ. ಒಂದು ಮೂಲಕ್ಕೆ ಹಲವು ಟೀಕುಗಳಿದ್ದಾಗ ತಾತ್ಪರ್ಯವನ್ನು ಟೀಕುಗಳ ಸಮಾನಾಂಶದಿಂದ ಹೆಕ್ಕಬೇಕಾಗುವಂತೆ, ಇಲ್ಲಿಯೂ ನ್ಯಾಯಾಲಯದ ನಿರ್ಣಯವನ್ನು ಸಾವಂತ್, ಜೀವನ ರೆಡ್ಡಿ ಮುಂತಾದ ಐವರ ಸಮ್ಮತಿಯಲ್ಲಿ ಹುಡುಕಬೇಕು. ಉಳಿದವರು ನ್ಯಾಯಾಲಯದ ಪರಿಶೀಲನೆಯ ವ್ಯಾಪ್ತಿ ಇನ್ನಷ್ಟು ಕಿರಿದಾಗಿರಬೇಕೆಂದು ಭಾವಿಸಿದರು. ತೀರ್ಪನ್ನು ಒಂದೇ ಸೂತ್ರವಾಗಿ ಸಂಕ್ಷೇಪಿಸುವ ಆತುರಕ್ಕೆ ಈ ರಚನೆಯ ತೊಡಕೂ ಒಂದು ಕಾರಣವಾಗಿರಬಹುದು.

ಬಹುಮತದ ಅಭಿಪ್ರಾಯದ ಸಾರವನ್ನು ನಾಲ್ಕು ಅಂಶಗಳಲ್ಲಿ ಸಂಗ್ರಹಿಸಬಹುದು. ಮೊದಲನೆಯದಾಗಿ, ರಾಷ್ಟ್ರಪತಿಯ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದು. ಮಂತ್ರಿಮಂಡಲವು ರಾಷ್ಟ್ರಪತಿಗೆ ನೀಡಿದ ಸಲಹೆಯನ್ನು ವಿಚಾರಿಸಕೂಡದೆಂದು 74ನೆಯ ಅನುಚ್ಛೇದ ಹೇಳುವುದು ನಿಜ. ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ಅದು ಮುಚ್ಚಿಡುವುದಿಲ್ಲ. ಎರಡನೆಯದಾಗಿ, ಸಂಸತ್ತಿನ ಉಭಯ ಸದನಗಳೂ ಅನುಮೋದಿಸುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸಕೂಡದು. ಮೂರನೆಯದಾಗಿ, ಘೋಷಣೆ ಅಸಿಂಧುವೆಂದು ಕಂಡುಬಂದರೆ ಪದಚ್ಯುತ ಸಂಪುಟವನ್ನೂ ವಿಸರ್ಜಿತ ಸಭೆಯನ್ನೂ ಮತ್ತೆ ಸ್ಥಾಪಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ನಾಲ್ಕನೆಯದಾಗಿ, ಸಂಪುಟದ ಬಲಾಬಲವು ರಾಜ್ಯಪಾಲರಾಗಲಿ ರಾಷ್ಟ್ರಪತಿಯಾಗಲಿ ಯಾವುದೇ ಒಬ್ಬ ವ್ಯಕ್ತಿಯ ಖಾಸಗಿ ಅಭಿಪ್ರಾಯದ ವಿಷಯವಲ್ಲ. ಅದು ಸದನದಲ್ಲಿ ಎಲ್ಲರೆದುರು ಸಿದ್ಧವಾಗಬೇಕು. ಸದನದಲ್ಲಿ ಮುಕ್ತವಾದ ಮತದಾನವೇ ಅಸಾಧ್ಯವೆನಿಸುವಂಥ ವ್ಯಾಪಕ ಹಿಂಸೆಯ ಪರಿಸ್ಥಿತಿಗೆ ಮಾತ್ರ ಇದರಿಂದ ವಿನಾಯಿತಿ.

ಈ ನಾಲ್ಕು ಅಂಶಗಳನ್ನು ಒಟ್ಟಿಗೆ ಇರಿಸಿಕೊಂಡು ಓದಿದಾಗ ಅವುಗಳ ಆಂತರಿಕ ಸಂಬಂಧ ಗೋಚರಿಸುತ್ತದೆ. ಸಾಮಗ್ರಿಯನ್ನು ತೋರಿಸಬೇಕು, ಸಂಸತ್ತಿನ ಮುಂದೆ ತರಬೇಕು, ಸದನದಲ್ಲಿ ಸಿದ್ಧಪಡಿಸಬೇಕು, ಸಿದ್ಧವಾಗದಿದ್ದರೆ ಕೃತ್ಯವನ್ನು ಹಿಂತೆಗೆಯಬೇಕು. ಇವೆಲ್ಲವೂ ಸಾಕ್ಷ್ಯವನ್ನು ಕುರಿತ ಮಾತುಗಳು. ಜನಪ್ರತಿನಿಧಿಗಳ ಸರ್ಕಾರವನ್ನು ತೆಗೆಯುವವನು ತನ್ನ ಕಾರಣವನ್ನು ಬೆಳಕಿನಲ್ಲಿ ಹೇಳಲು ಶಕ್ತನಾಗಿರಬೇಕೆಂಬುದೇ ತೀರ್ಪಿನ ಜೀವಾಳ. ಸದನದ ಎಣಿಕೆ ಆ ತತ್ತ್ವದ ಒಂದು ಅನ್ವಯ. ಕರ್ನಾಟಕದ ಪ್ರಕರಣದಲ್ಲಿ ನ್ಯಾಯಾಲಯ ಗುರುತಿಸಿದ ದೋಷವೂ ಇದೇ: ಪತ್ರ ಬರೆದರೆನ್ನಲಾದ ಶಾಸಕರನ್ನು ರಾಜ್ಯಪಾಲರು ಕರೆದು ಕೇಳಲಿಲ್ಲ, ಮುಖ್ಯಮಂತ್ರಿಯ ಉತ್ತರವನ್ನು ಪಡೆಯಲಿಲ್ಲ, ಸದನ ಸೇರುವವರೆಗೆ ಕಾಯಲಿಲ್ಲ. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳ ಘೋಷಣೆಗಳು ಅಸಾಂವಿಧಾನಿಕವೆಂದು ತೀರ್ಮಾನವಾದುವು.

ಒಕ್ಕೂಟ ವ್ಯವಸ್ಥೆಯೂ ಧರ್ಮನಿರಪೇಕ್ಷತೆಯೂ ಸಂವಿಧಾನದ ಮೂಲರಚನೆಗೆ ಸೇರಿದುವೆಂಬ ತೀರ್ಪಿನ ಮಾತು ಇನ್ನೊಂದು ಕನ್ನಡದ ನಂಟನ್ನು ನೆನಪಿಗೆ ತರುತ್ತದೆ. ಮೂಲರಚನೆಯ ತತ್ತ್ವ ಪ್ರತಿಪಾದಿತವಾದುದು 1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನಗಳ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ. ಸಂಸತ್ತಿನ ಬಹುಮತಕ್ಕೂ ಒಂದು ಮೇರೆಯುಂಟೆಂದು ಅದು ಹೇಳಿತ್ತು. ಕೇಂದ್ರದ ಮಂತ್ರಿಮಂಡಲದ ಇಚ್ಛೆಗೂ ಮೇರೆಯುಂಟೆಂದು ಬೊಮ್ಮಾಯಿ ತೀರ್ಪು ಹೇಳಿತು.

ತೀರ್ಪಿನ ಹಿರಿಮೆಯನ್ನು ಒಪ್ಪಿದ ಮೇಲೆ ಅದರ ಕೊರತೆಗಳನ್ನೂ ಹೇಳುವುದು ವಿಮರ್ಶೆಯ ಧರ್ಮ. 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯ ಧ್ವಂಸವಾದ ನಂತರ, ಡಿಸೆಂಬರ್ 15ರಂದು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಭಾರತೀಯ ಜನತಾ ಪಕ್ಷದ ಸರ್ಕಾರಗಳನ್ನು ವಜಾ ಮಾಡಲಾಗಿತ್ತು. ಅವುಗಳಿಗೆ ಬಹುಮತವಿತ್ತೆಂಬುದರಲ್ಲಿ ವಿವಾದವಿರಲಿಲ್ಲ. ಧರ್ಮನಿರಪೇಕ್ಷತೆಗೆ ವಿರುದ್ಧವಾಗಿ ವರ್ತಿಸುವ ಸರ್ಕಾರ ಸಂವಿಧಾನಕ್ಕೆ ಅನುಸಾರವಾಗಿ ನಡೆಯುತ್ತಿಲ್ಲವೆಂದು ಹೇಳಿ ನ್ಯಾಯಾಲಯ ಈ ಘೋಷಣೆಗಳನ್ನು ಎತ್ತಿಹಿಡಿಯಿತು. ಬಹುಮತವೊಂದೇ ಸರ್ಕಾರಕ್ಕೆ ಸಮರ್ಥನೆಯಾಗಲಾರದೆಂಬ ಈ ತತ್ತ್ವ ತೂಕವುಳ್ಳದ್ದು. ಆದರೆ ಸಾಕ್ಷ್ಯದ ಅಳತೆಗೋಲು ಇಲ್ಲಿ ಅದೇ ಆಗಿ ಉಳಿಯಿತೇ ಎಂಬ ಪ್ರಶ್ನೆ ಏಳುತ್ತದೆ. ಕರ್ನಾಟಕದಲ್ಲಿ ಒಬ್ಬೊಬ್ಬ ಶಾಸಕನನ್ನೂ ಕೇಳಬೇಕಾಗಿತ್ತೆಂದ ನ್ಯಾಯಾಲಯ, ಈ ಮೂರು ರಾಜ್ಯಗಳಲ್ಲಿ ರಾಜ್ಯಪಾಲರ ವರದಿಗಳನ್ನೂ ಆಳುವ ಪಕ್ಷದ ಧೋರಣೆಯನ್ನೂ ಆ ದಿನಗಳ ಪರಿಸ್ಥಿತಿಯನ್ನೂ ಒಟ್ಟಾಗಿ ನೋಡಿ ತೃಪ್ತಿಪಟ್ಟಿತು. ಮಧ್ಯಪ್ರದೇಶದ ಘೋಷಣೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯ 1993ರಲ್ಲಿ ರದ್ದುಪಡಿಸಿತ್ತೆಂಬುದನ್ನು ನೆನೆದರೆ, ಪ್ರತಿಯೊಂದು ರಾಜ್ಯದ ಸಂಗತಿಗಳನ್ನು ಪ್ರತ್ಯೇಕವಾಗಿ, ಅಷ್ಟೇ ಕಠಿಣವಾಗಿ ತೂಗಿದ್ದರೆ ತತ್ತ್ವಕ್ಕೆ ಇನ್ನೂ ಹೆಚ್ಚಿನ ಬಲ ಬರುತ್ತಿತ್ತೆಂದು ತೋರುತ್ತದೆ. ಉದ್ದೇಶ ಎಷ್ಟೇ ಉನ್ನತವಾಗಿದ್ದರೂ ಸಾಕ್ಷ್ಯದಲ್ಲಿ ರಿಯಾಯಿತಿ ತೋರಿದರೆ, ಆ ರಿಯಾಯಿತಿಯನ್ನು ನಾಳೆ ಬೇರೆ ಉದ್ದೇಶದವರು ಕೇಳದಿರುವುದಿಲ್ಲ.

ಎರಡನೆಯ ಕೊರತೆ ಕಾಲದ್ದು. ತೀರ್ಪು ಬರುವ ವೇಳೆಗೆ ಸುಮಾರು ಐದು ವರ್ಷಗಳು ಸಂದಿದ್ದುವು. 1989ರ ನವೆಂಬರ್ ಚುನಾವಣೆಯಲ್ಲಿ ಜನತಾ ದಳ ಸೋತು ಕಾಂಗ್ರೆಸ್ ಅಧಿಕಾರಕ್ಕೆ ಬಂದಿತ್ತು. ಬೊಮ್ಮಾಯಿಯವರಿಗೆ ದೊರೆತುದು ತತ್ತ್ವದ ಜಯ ಮಾತ್ರ. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಜನರು ಆ ಪಕ್ಷವನ್ನು ತಿರಸ್ಕರಿಸಿದುದರಿಂದ ವಜಾ ಮಾಡಿದುದು ಸರಿಯಾಗಲಿಲ್ಲ. ನ್ಯಾಯಾಲಯ ವಜಾವನ್ನು ತಪ್ಪೆಂದುದರಿಂದ ಜನರ ತೀರ್ಪು ತಪ್ಪಾಗಲೂ ಇಲ್ಲ. ಸರ್ಕಾರ ಒಳ್ಳೆಯದೋ ಕೆಟ್ಟದೋ ಎಂಬುದು ಮತದಾರನ ಪ್ರಶ್ನೆ. ಅದನ್ನು ತೆಗೆದ ಕ್ರಮ ನ್ಯಾಯವೋ ಅನ್ಯಾಯವೋ ಎಂಬುದು ನ್ಯಾಯಾಲಯದ ಪ್ರಶ್ನೆ. ಪ್ರಜಾಪ್ರಭುತ್ವಕ್ಕೆ ಈ ಎರಡು ಪೀಠಗಳೂ ಬೇಕು.

ತೀರ್ಪಿನ ಫಲ ವ್ಯರ್ಥವಾಗಲಿಲ್ಲವೆಂಬುದಕ್ಕೆ ಅನಂತರದ ಇತಿಹಾಸ ಸಾಕ್ಷಿ. 1997ರಲ್ಲಿ ಉತ್ತರಪ್ರದೇಶದ, 1998ರಲ್ಲಿ ಬಿಹಾರದ ವಿಷಯದಲ್ಲಿ ಮಂತ್ರಿಮಂಡಲಗಳು ಕಳುಹಿಸಿದ ಶಿಫಾರಸುಗಳನ್ನು ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಮರುಪರಿಶೀಲನೆಗೆ ಹಿಂದಿರುಗಿಸಿದರು. 1999ರ ಫೆಬ್ರವರಿಯಲ್ಲಿ ಬಿಹಾರದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದರೂ, ರಾಜ್ಯಸಭೆಯಲ್ಲಿ ಅನುಮೋದನೆ ದೊರೆಯುವ ಸಂಭವವಿಲ್ಲದೆ ಮಾರ್ಚ್‌ನಲ್ಲಿ ಅದನ್ನು ಹಿಂತೆಗೆಯಬೇಕಾಯಿತು. ವಿಧಾನಸಭೆಯನ್ನು ವಿಸರ್ಜಿಸದೆ ಅಮಾನತಿನಲ್ಲಿ ಇಟ್ಟಿದ್ದರಿಂದ ರಾಬ್ಡೀದೇವಿಯವರ ಸರ್ಕಾರ ಮರಳಲು ಸಾಧ್ಯವಾಯಿತು. ಬೊಮ್ಮಾಯಿ ತೀರ್ಪಿನ ಎರಡನೆಯ ಅಂಶ ಆ ದಿನ ತನ್ನ ಬೆಲೆಯನ್ನು ತೋರಿಸಿತು. 2016ರ ಜುಲೈ 13ರಂದು ಅರುಣಾಚಲ ಪ್ರದೇಶದ ಪದಚ್ಯುತ ಸರ್ಕಾರವನ್ನು ಸರ್ವೋಚ್ಚ ನ್ಯಾಯಾಲಯ ಮತ್ತೆ ಸ್ಥಾಪಿಸಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದ ರಾಜ್ಯಪಾಲರು ಹೊಸ ಮುಖ್ಯಮಂತ್ರಿಗೆ ಬಹುಮತ ತೋರಲು ನೀಡಿದ್ದ ಹದಿನೈದು ದಿನಗಳ ಅವಧಿಯನ್ನು ನ್ಯಾಯಾಲಯ ಮೊಟಕುಗೊಳಿಸಿ 19ರಂದೇ ಪರೀಕ್ಷೆ ನಡೆಸುವಂತೆ ಆದೇಶಿಸಿತು. ಮತಕ್ಕೆ ಹಾಕುವ ಮೊದಲೇ ಮುಖ್ಯಮಂತ್ರಿಗಳು ರಾಜೀನಾಮೆಯಿತ್ತರು.

ಆದರೆ ಇದೇ ಇತಿಹಾಸ ಮತ್ತೊಂದು ಕಹಿಸತ್ಯವನ್ನೂ ಹೇಳುತ್ತದೆ. ಅರುಣಾಚಲದಲ್ಲಿ ನ್ಯಾಯಾಲಯ ಮರಳಿ ಕೂರಿಸಿದ ಮುಖ್ಯಮಂತ್ರಿ ಕೆಲವೇ ದಿನಗಳಲ್ಲಿ ಸ್ಥಾನ ಬಿಡಬೇಕಾಯಿತು. ಅದೇ ಸೆಪ್ಟೆಂಬರಿನಲ್ಲಿ ಆಳುವ ಪಕ್ಷದ ಬಹುತೇಕ ಎಲ್ಲ ಶಾಸಕರೂ ಬೇರೊಂದು ಪಕ್ಷಕ್ಕೆ ಹೊರಟುಹೋದರು. ನ್ಯಾಯಾಲಯ ಸರ್ಕಾರವನ್ನು ಮರಳಿಸಬಲ್ಲುದು, ಶಾಸಕರ ನಿಷ್ಠೆಯನ್ನು ಮರಳಿಸಲಾರದು. 1985ರ 52ನೆಯ ತಿದ್ದುಪಡಿಯಿಂದ ಬಂದ ಪಕ್ಷಾಂತರ ನಿಷೇಧವೂ ಈ ಕೆಲಸವನ್ನು ಪೂರ್ತಿ ಮಾಡಲಿಲ್ಲ. 2019ರ ಜುಲೈನಲ್ಲಿ ಕರ್ನಾಟಕದ ಶಾಸಕರು ಸದನದಲ್ಲಿ ಎದುರು ಮತ ಹಾಕುವ ಬದಲು ರಾಜೀನಾಮೆಯ ದಾರಿ ಹಿಡಿದರು. ಜುಲೈ 23ರ ಎಣಿಕೆಯಲ್ಲಿ ಸಮ್ಮಿಶ್ರ ಸರ್ಕಾರ 99ಕ್ಕೆ 105 ಮತಗಳಿಂದ ಬಿದ್ದಿತು. ಎಣಿಕೆ ಸದನದಲ್ಲಿಯೇ ನಡೆಯಿತು, ಎಲ್ಲರೆದುರೇ ನಡೆಯಿತು. ಆದರೆ ಅದರ ಫಲ ಸದನದ ಹೊರಗೆ ನಿರ್ಧಾರವಾಗಿತ್ತು. ಹದಿನೇಳು ಮಂದಿಯ ಅನರ್ಹತೆಯನ್ನು ನವೆಂಬರ್ 13ರಂದು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಕೂಡದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಸ್ಪರ್ಧಿಸಿದ ಅನರ್ಹರಲ್ಲಿ ಹೆಚ್ಚಿನವರನ್ನು ಮತದಾರರೇ ಮತ್ತೆ ಆರಿಸಿ ಕಳುಹಿಸಿದರು.

ಮಹಾರಾಷ್ಟ್ರದ ಉದಾಹರಣೆ ಇದಕ್ಕಿಂತಲೂ ಬೋಧಪ್ರದವಾದುದು. 2022ರ ಜೂನ್‌ನಲ್ಲಿ ಆಳುವ ಶಿವಸೇನೆಯಲ್ಲಿ ಒಡಕು ಉಂಟಾದಾಗ, ಕೆಲವು ಪತ್ರಗಳನ್ನು ಆಧರಿಸಿ ರಾಜ್ಯಪಾಲರು ಉದ್ಧವ ಠಾಕ್ರೆಯವರಿಗೆ ಬಹುಮತ ತೋರಿಸುವಂತೆ ಸೂಚಿಸಿದರು. ಜೂನ್ 29ರಂದು ಸರ್ವೋಚ್ಚ ನ್ಯಾಯಾಲಯ ಪರೀಕ್ಷೆಯನ್ನು ತಡೆಯಲು ನಿರಾಕರಿಸಿತು. ಅಂದೇ ಠಾಕ್ರೆಯವರು ರಾಜೀನಾಮೆಯಿತ್ತರು. 2023ರ ಮೇ 11ರಂದು ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠ, ಸರ್ಕಾರ ವಿಶ್ವಾಸ ಕಳೆದುಕೊಂಡಿದೆಯೆನ್ನಲು ರಾಜ್ಯಪಾಲರ ಬಳಿ ವಸ್ತುನಿಷ್ಠ ಸಾಮಗ್ರಿಯಿರಲಿಲ್ಲವೆಂದೂ, ಪಕ್ಷದ ಒಳಜಗಳವನ್ನು ಸದನದ ಬಲಪರೀಕ್ಷೆಯಿಂದ ತೀರ್ಮಾನಿಸಕೂಡದೆಂದೂ ಹೇಳಿತು. ಪರೀಕ್ಷೆಯನ್ನು ಎದುರಿಸದೆ ರಾಜೀನಾಮೆಯಿತ್ತಿದ್ದರಿಂದ ಹಿಂದಿನ ಸರ್ಕಾರವನ್ನು ಮರಳಿಸುವುದು ಮಾತ್ರ ಸಾಧ್ಯವಾಗಲಿಲ್ಲ.

1989ರ ಬೆಂಗಳೂರನ್ನೂ 2022ರ ಮುಂಬಯಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಮುಖ್ಯಮಂತ್ರಿ ಸದನವನ್ನು ಬೇಡಿದರು, ರಾಜ್ಯಪಾಲರು ಕೊಡಲಿಲ್ಲ. ಇಲ್ಲಿ ರಾಜ್ಯಪಾಲರು ಸದನವನ್ನು ಹೇರಿದರು, ಮುಖ್ಯಮಂತ್ರಿ ಎದುರಿಸಲಿಲ್ಲ. ಎರಡೂ ಕಡೆ ರಾಜ್ಯಪಾಲರ ಕೈಯಲ್ಲಿದ್ದುದು ಪತ್ರಗಳು. ಎರಡೂ ಕಡೆ ಆ ಪತ್ರಗಳು ಸಾಕಾಗುವಷ್ಟು ಆಧಾರವಲ್ಲವೆಂಬುದು ನ್ಯಾಯಾಲಯದ ಅಂತಿಮ ಅಭಿಪ್ರಾಯ. ಬೊಮ್ಮಾಯಿ ತೀರ್ಪನ್ನು ‘ಸದನದಲ್ಲಿ ಎಣಿಸು’ ಎಂಬ ಒಂದೇ ಸೂತ್ರವಾಗಿ ಓದಿದವನಿಗೆ ಈ ಎರಡು ತೀರ್ಪುಗಳು ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ಅದನ್ನು ಸಾಕ್ಷ್ಯದ ತೀರ್ಪಾಗಿ ಓದಿದವನಿಗೆ ಎರಡರಲ್ಲಿಯೂ ಒಂದೇ ತತ್ತ್ವ ಕಾಣುತ್ತದೆ: ಸರ್ಕಾರವನ್ನು ತೆಗೆಯಲಾಗಲಿ, ಅದನ್ನು ಪರೀಕ್ಷೆಗೆ ಒಡ್ಡಲಾಗಲಿ, ಎಲ್ಲರೆದುರು ಹೇಳಬಹುದಾದ ಕಾರಣವಿರಬೇಕು. ಮೊದಲನೆಯ ಓದು ಬಲಪರೀಕ್ಷೆಯನ್ನು ಆಯುಧವನ್ನಾಗಿ ಮಾಡಿಕೊಳ್ಳಲು ಎಡೆಗೊಟ್ಟಿತು. ಎರಡನೆಯ ಓದು ಮಾತ್ರ ಅದನ್ನು ತಡೆಯಬಲ್ಲುದು.

ಸಂವಿಧಾನ, ನ್ಯಾಯಾಲಯ, ಜನತೆಯ ರಾಜಕಾರಣ ಈ ಮೂರರ ಸಂಬಂಧವನ್ನು ಈ ದೀರ್ಘ ಕಥನದಿಂದ ಹೀಗೆ ಗ್ರಹಿಸಬಹುದು. ಸಂವಿಧಾನ ಅಧಿಕಾರವನ್ನು ಕೊಟ್ಟಿತು. ಅದರ ದುರುಪಯೋಗವಾಗಲಾರದೆಂಬ ಭರವಸೆಯನ್ನು ಕೊಡಲಿಲ್ಲ. ನ್ಯಾಯಾಲಯವು ನಲವತ್ತು ವರ್ಷಗಳ ನಂತರ ಆ ಅಧಿಕಾರಕ್ಕೆ ಕಾರಣ ಹೇಳುವ ಹೊಣೆಯನ್ನು ಅಂಟಿಸಿತು. ಎಲ್ಲಿ ಎಣಿಸಬೇಕು, ಯಾವಾಗ ಎಣಿಸಬೇಕು, ಯಾರು ಎಣಿಸಬೇಕು ಎಂಬುದನ್ನು ಅದು ಹೇಳಬಲ್ಲುದು. ಎಣಿಕೆಗೆ ನಿಂತವನು ತನ್ನ ಮಾತನ್ನು ಮಾರಿಕೊಂಡು ಬಂದಿದ್ದಾನೆಯೇ ಎಂಬುದನ್ನು ಮುಂದಿನ ಚುನಾವಣೆಯಲ್ಲಿ ಕೇಳಬೇಕಾದವರು ಅವನನ್ನು ಆರಿಸಿದ ಜನ. 1989ರ ಏಪ್ರಿಲ್ 27ರಂದು ಸೇರಬೇಕಾಗಿದ್ದ ಸದನ ಸೇರಲಿಲ್ಲ. ಆ ಅನ್ಯಾಯಕ್ಕೆ ನ್ಯಾಯಾಲಯ ಉತ್ತರ ಕೊಟ್ಟಿತು. ಸೇರಿದ ಸದನದಲ್ಲಿ ನಡೆಯುವ ಅನ್ಯಾಯಕ್ಕೆ ಉತ್ತರ ಕೊಡಬೇಕಾದ ಪೀಠ ಮತಗಟ್ಟೆಯಲ್ಲಿದೆ, ಮತ್ತು ಅಲ್ಲಿಂದ ಆ ಉತ್ತರ ಇನ್ನೂ ಬರಬೇಕಾಗಿದೆ.